ಟೇಪಿನಲ್ಲಿ ಉಳಿದ ಚಿತ್ರ: ವಿಡಿಯೋ ಸಂಕೇತವನ್ನು ಹಿಡಿದಿಟ್ಟವರ ಇತಿಹಾಸ



ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟದ ಏರು ತೊಡಗುವ ಮೊದಲು ಸಿಗುವ ಊರು ಕತಗಾಲ. ಯಾಣದ ಶಿಲಾಶಿಖರಗಳನ್ನು ನೋಡಲು ಹೊರಟವರಿಗೆ ಇದು ಪರಿಚಿತ ದಾರಿ. ಸುತ್ತ ಗುಡ್ಡ, ಕೆಳಗೆ ಚಂಡಿಕಾ ಹೊಳೆ, ನಡುವೆ ಅಡಿಕೆ ತೋಟ. ಇಂಥ ಊರಿನ ಹಳೆಯ ಮನೆಗಳ ಅಟ್ಟದಲ್ಲಿ, ಗೋದ್ರೇಜ್ ಕಪಾಟಿನ ಕೆಳಖಾನೆಯಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಆಯತಾಕಾರದ ಪೆಟ್ಟಿಗೆಗಳು ಇನ್ನೂ ಇರುತ್ತವೆ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮಾಸಿದ ಶಾಯಿಯ ಅಕ್ಷರ: ಮದುವೆ, ಉಪನಯನ, ತೇರು, ಆಟ. ಅವು ವಿಎಚ್‌ಎಸ್ ಕ್ಯಾಸೆಟ್ಟುಗಳು.

ಹಳೆಯ ಫೋಟೋವನ್ನು ಕೈಯಲ್ಲಿ ಹಿಡಿದು ನೋಡಬಹುದು. ಸಿನಿಮಾ ರೀಲನ್ನು ಬೆಳಕಿಗೆ ಹಿಡಿದರೆ ಒಂದೊಂದು ಚಿತ್ರವೂ ಕಾಣುತ್ತದೆ. ವಿಡಿಯೋ ಟೇಪನ್ನು ಎಷ್ಟೇ ಬೆಳಕಿಗೆ ಹಿಡಿದರೂ ಏನೂ ಕಾಣದು. ಅದರಲ್ಲಿರುವುದು ಚಿತ್ರವಲ್ಲ, ಕಾಲಕ್ರಮದಲ್ಲಿ ಏರಿಳಿಯುವ ಒಂದು ವೋಲ್ಟೇಜಿನ ಗುರುತು. ಆ ಗುರುತನ್ನು ಓದಬಲ್ಲ ಯಂತ್ರವೂ ಓದಲು ತಿಳಿದ ಮನುಷ್ಯನೂ ಇರುವವರೆಗೆ ಮಾತ್ರ ಚಿತ್ರ ಉಂಟು. ಆ ಓದನ್ನು ಕಲಿಯುವುದು ಇಂದು ಬರಿಯ ಹವ್ಯಾಸವಲ್ಲ ಎಂಬುದೇ ಈ ಲೇಖನದ ಮಾತು. ಮಾತುಕತೆಯಲ್ಲಿ ಹೇಳಲು ಸಮಯ ಸಾಲದ ಕೆಲವು ಲೆಕ್ಕಗಳನ್ನು ಇಲ್ಲಿ ವಿವರವಾಗಿ ಕೊಟ್ಟಿದೆ. ಕಾಗದ, ಪೆನ್ಸಿಲು ಹಿಡಿದು ಓದಿರಿ.

ಗ್ರಾಮಫೋನ್ ತಟ್ಟೆಯ ಮೇಲೊಂದು ಚಿತ್ರ

ಚಿತ್ರವನ್ನು ತಂತಿಯಲ್ಲಿ ಕಳಿಸುವುದು ಹೇಗೆ? ತಂತಿಯಲ್ಲಿ ಒಂದು ಕ್ಷಣಕ್ಕೆ ಒಂದೇ ಬೆಲೆ ಹರಿಯಬಲ್ಲದು. ಚಿತ್ರಕ್ಕಾದರೋ ಉದ್ದವೂ ಇದೆ, ಅಗಲವೂ ಇದೆ. ಜರ್ಮನಿಯ ಪೌಲ್ ನಿಪ್ಕೋವ್ ಇದಕ್ಕೆ 1884ರಲ್ಲಿ ಒಂದು ಉಪಾಯ ಹೇಳಿದ. ಸುರುಳಿಯಾಗಿ ರಂಧ್ರ ಕೊರೆದ ಒಂದು ತಟ್ಟೆಯನ್ನು ತಿರುಗಿಸಿದರೆ ಒಂದೊಂದು ರಂಧ್ರವೂ ದೃಶ್ಯದ ಒಂದೊಂದು ಗೆರೆಯನ್ನು ಸವರುತ್ತದೆ. ನಾವು ಪುಟವನ್ನು ಸಾಲು ಸಾಲಾಗಿ ಓದುವಂತೆಯೇ ಇದು. ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನಲ್ಲಿ ಈ ಉಪಾಯದಿಂದಲೇ ದೂರದರ್ಶನವನ್ನು ಪ್ರದರ್ಶಿಸಿದ. ಅವನ ಚಿತ್ರಕ್ಕೆ ಇದ್ದುದು 30 ಗೆರೆಗಳು ಮಾತ್ರ.

ಗೆರೆ ಅಷ್ಟು ಕಡಿಮೆಯಾದ್ದರಿಂದ ಚಿತ್ರದ ಸಂಕೇತವೂ ಕಿವಿಗೆ ಕೇಳಿಸುವ ಕಂಪನಾಂಕದ ಮಿತಿಯಲ್ಲೇ ಇತ್ತು. ಅಂದ ಮೇಲೆ ಅದನ್ನು ಹಾಡಿನಂತೆ ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಬಾರದೇಕೆ? ಬೇರ್ಡ್ 1927-28ರಲ್ಲಿ ಅದನ್ನು ಮಾಡಿಯೂ ನೋಡಿದ. ಆದರೆ ತಟ್ಟೆಯಿಂದ ಮತ್ತೆ ಒಪ್ಪುವಂಥ ಚಿತ್ರ ಪಡೆಯಲು ಅವನಿಂದ ಆಗಲಿಲ್ಲ. ತಟ್ಟೆಗಳು ಮೂಲೆ ಸೇರಿದವು. ಅರ್ಧ ಶತಮಾನ ಕಳೆದ ಮೇಲೆ, 1980ರ ದಶಕದ ಆರಂಭದಲ್ಲಿ, ಡೊನಾಲ್ಡ್ ಮೆಕ್‌ಲೀನ್ ಎಂಬ ಇಂಜಿನಿಯರ್ ಆ ತಟ್ಟೆಗಳ ಧ್ವನಿಯನ್ನು ಕಂಪ್ಯೂಟರಿಗೆ ಊಡಿಸಿ, ಗೆರೆ ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ತಪ್ಪಿದ ಕಾಲವನ್ನು ತಿದ್ದಿ, ಚಿತ್ರವನ್ನು ಹೊರತೆಗೆದರು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. 1933ರ ಏಪ್ರಿಲ್‌ನಲ್ಲಿ ಬಿಬಿಸಿ ಪ್ರಸಾರ ಮಾಡಿದ ಒಂದು 30 ಗೆರೆಯ ನೃತ್ಯ ಕಾರ್ಯಕ್ರಮವನ್ನು ಯಾರೋ ಹವ್ಯಾಸಿ ಮನೆಯಲ್ಲೇ ಅಲ್ಯೂಮಿನಿಯಂ ತಟ್ಟೆಯ ಮೇಲೆ ಮುದ್ರಿಸಿಕೊಂಡಿದ್ದ. ಆ ಕಾಲದ ದೂರದರ್ಶನ ಹೇಗಿತ್ತು ಎಂಬುದಕ್ಕೆ ಇಂದು ನಮಗೆ ಉಳಿದಿರುವ ಬೆರಳೆಣಿಕೆಯ ಸಾಕ್ಷ್ಯಗಳಲ್ಲಿ ಆ ತಟ್ಟೆಯೂ ಒಂದು. ಪ್ರಸಾರ ಮಾಡಿದ ಸಂಸ್ಥೆಯ ಬಳಿ ಉಳಿಯದ್ದು ನೋಡಿದವನ ಮನೆಯಲ್ಲಿ ಉಳಿಯಿತು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ನಮ್ಮ ಜಿಲ್ಲೆಯ ಕ್ಯಾಸೆಟ್ಟುಗಳ ವಿಚಾರಕ್ಕೆ ಬಂದಾಗ ಇದು ಬೇಕಾಗುತ್ತದೆ.

ಕರ್ನಾಟಕಕ್ಕೆ ಚಿತ್ರ ಬಂದ ಬಗೆ

ಭಾರತದಲ್ಲಿ ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಮೊದಲಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ರಾಜಧಾನಿಗಲ್ಲ, ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 'ಸೈಟ್' ಎಂಬ ಶೈಕ್ಷಣಿಕ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರ ನೇರವಾಗಿ ಆಕಾಶದಿಂದಲೇ ಇಳಿಯಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಸಂಕೇತವನ್ನು ಹಿಡಿಯಲು ಬಳಸಿದ್ದು ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಬೋಗುಣಿ. ಉಪಗ್ರಹದ ಕಂಪನಾಂಕ 860 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಬಲೆಯ ಸಣ್ಣ ಕಿಂಡಿಗಳು ಗೋಡೆಯಂತೆಯೇ ತೋರುತ್ತವೆ. ತಂತಿಬಲೆ ಸಾಕಾದದ್ದು ಈ ಕಾರಣದಿಂದ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ತೊಡಗಿತು. 1982ರ ಆಗಸ್ಟ್ 15ರಂದು ದೇಶದಲ್ಲಿ ವರ್ಣ ಪ್ರಸಾರ ಬಂತು. ಅದೇ ವರ್ಷದ ನವೆಂಬರಿನ ಏಷ್ಯಾಡ್ ಕ್ರೀಡಾಕೂಟ ಟಿವಿ ಕೊಳ್ಳುವ ಆಸೆಯನ್ನು ಮನೆಮನೆಗೆ ಹಬ್ಬಿಸಿತು. 1983ರ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿ ಉಪಗ್ರಹವನ್ನು ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದಲೇ ನೋಡಿಕೊಳ್ಳಲಾಯಿತು. ಆ ಉಪಗ್ರಹದಿಂದ ಕಾರ್ಯಕ್ರಮ ಪಡೆದು ಸುತ್ತಲಿನ ಊರುಗಳಿಗೆ ಹಂಚುವ ಕಡಿಮೆ ಶಕ್ತಿಯ ಪ್ರೇಷಕಗಳು 1984ರಿಂದ ದೇಶದ ಸಣ್ಣ ಪಟ್ಟಣಗಳಲ್ಲೂ ತಲೆಯೆತ್ತಿದವು. ಅಂಥವುಗಳ ಶಕ್ತಿ ಸಾಮಾನ್ಯವಾಗಿ 100 ವಾಟ್. ಮನೆಯ ಒಂದು ದೊಡ್ಡ ಬಲ್ಬಿನಷ್ಟೇ.

ಗುಡ್ಡದ ಬುಡದಲ್ಲಿ ಅಳತೆಯ ಪಾಠ

ಈ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತವೆ. ಕಡಲಂಚಿನ ಬಯಲಲ್ಲಿ ಅದರಿಂದ ತೊಂದರೆಯಿಲ್ಲ. ಘಟ್ಟದ ಬುಡದ ಕಣಿವೆಯಲ್ಲಿ ಗುಡ್ಡವೇ ಪರದೆಯಾಗಿ ನಿಲ್ಲುತ್ತದೆ. ಆದ್ದರಿಂದಲೇ ಮಲೆನಾಡಿನಲ್ಲೂ ಕರಾವಳಿಯ ಒಳನಾಡಿನಲ್ಲೂ ಜನ ಅಡಿಕೆ ಮರದ ತುದಿಗೆ, ಉದ್ದನೆಯ ಗಳುವಿಗೆ ಆಂಟೆನಾ ಕಟ್ಟಿದರು. ಒಬ್ಬರು ಮೇಲೆ ತಿರುಗಿಸುವುದು, ಇನ್ನೊಬ್ಬರು ಕೆಳಗಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು: ಇದನ್ನು ನಿಮ್ಮ ಮನೆಯ ಹಿರಿಯರು ಮಾಡಿರಬಹುದು, ಕೇಳಿ ನೋಡಿ. ಅವರಿಗೆ ಗೊತ್ತಿಲ್ಲದೆಯೇ ಅದು ಸಂಕೇತ ವಿಶ್ಲೇಷಣೆಯ ಮೊದಲ ಪಾಠವಾಗಿತ್ತು.

ಎರಡನೆಯ ಪಾಠ ಪರದೆಯ ಮೇಲೆಯೇ ಇತ್ತು. ಹಲವೆಡೆ ಮುಖ್ಯ ಚಿತ್ರದ ಬಲಕ್ಕೆ ಮಸುಕಾದ ಇನ್ನೊಂದು ಚಿತ್ರ ಕಾಣುತ್ತಿತ್ತು. ಪ್ರೇಷಕದಿಂದ ನೇರ ಬಂದ ಅಲೆ ಒಂದು. ಗುಡ್ಡಕ್ಕೆ ಬಡಿದು ಸುತ್ತಿ ಬಂದ ಅಲೆ ಇನ್ನೊಂದು. ಎರಡನೆಯದು ತಡವಾಗಿ ಬರುವುದರಿಂದ ಅದರ ಚಿತ್ರ ಬಲಕ್ಕೆ ಸರಿಯುತ್ತದೆ. ಎಷ್ಟು ತಡ? ನಮ್ಮ ಪದ್ಧತಿಯಲ್ಲಿ ಒಂದು ಗೆರೆಯ ಕಾಣುವ ಭಾಗ ಪರದೆಯ ಎಡತುದಿಯಿಂದ ಬಲತುದಿಗೆ ಹೋಗಲು ಹಿಡಿಯುವ ಕಾಲ 52 ಮೈಕ್ರೋಸೆಕೆಂಡ್. 20 ಇಂಚಿನ ಟಿವಿಯ ಪರದೆಯ ಅಗಲ ಸುಮಾರು 40 ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 1.3 ಮೈಕ್ರೋಸೆಕೆಂಡ್. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಆದ್ದರಿಂದ ನೆರಳು ಚಿತ್ರ ಒಂದು ಸೆಂಟಿಮೀಟರ್ ಸರಿದಿದ್ದರೆ ಆ ಅಲೆ 390 ಮೀಟರ್ ಹೆಚ್ಚು ದಾರಿ ನಡೆದಿದೆ. ಗುಡ್ಡ ನಿಮ್ಮ ಮನೆಯ ನೇರ ಹಿಂದೆ ಇದ್ದರೆ ಹೋಗಿಬರುವ ದಾರಿ ಅದು. ಗುಡ್ಡದ ದೂರ ಅದರರ್ಧ, ಸುಮಾರು 195 ಮೀಟರ್. ಕೈಯಲ್ಲಿ ಬರಿಯ ಅಡಿಪಟ್ಟಿ, ಎದುರಿಗೆ ಟಿವಿ: ಇಷ್ಟರಿಂದಲೇ ಗುಡ್ಡದ ದೂರ ಅಳೆಯಬಹುದಾಗಿತ್ತು.

ಒಂದು ಗೆರೆಯೊಳಗೆ ಏನಿದೆ?

ಈಗ ಆ ಗೆರೆಯನ್ನೇ ಬಿಡಿಸಿ ನೋಡೋಣ. ಭಾರತ ಬಳಸಿದ ಪದ್ಧತಿ 'ಪಾಲ್-ಬಿ'. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಬೇರ್ಡನ ಪದ್ಧತಿಯ ಬಿಬಿಸಿ ಪ್ರಸಾರದಲ್ಲಿ ಇದು 375 ಮಾತ್ರ ಇತ್ತು. ನಮ್ಮ ಒಂದು ಗೆರೆಗೆ ಸಿಗುವ ಕಾಲ 64 ಮೈಕ್ರೋಸೆಕೆಂಡ್. ಅದರ ಹಂಚಿಕೆ ಹೀಗೆ: ಮೊದಲು 4.7 ಮೈಕ್ರೋಸೆಕೆಂಡ್ "ಹೊಸ ಗೆರೆ ಶುರು" ಎಂದು ಸಾರುವ ಸಿಂಕ್ ಮಿಡಿತ. ಆಮೇಲೆ ಸುಮಾರು 5.8 ಮೈಕ್ರೋಸೆಕೆಂಡ್ ಬಿಡುವು. ನಂತರ 52 ಮೈಕ್ರೋಸೆಕೆಂಡ್ ಚಿತ್ರ. ಕೊನೆಗೆ ಸುಮಾರು 1.5 ಮೈಕ್ರೋಸೆಕೆಂಡ್ ಮತ್ತೆ ಬಿಡುವು. ಕೂಡಿಸಿ ನೋಡಿ, 64 ಆಗುತ್ತದೆ. ಮೊದಲ ಬಿಡುವಿನಲ್ಲಿ 4.43 ಮೆಗಾಹರ್ಟ್ಸಿನ ಸುಮಾರು 10 ಪುಟ್ಟ ಅಲೆಗಳು ಬರುತ್ತವೆ. ಬಣ್ಣವನ್ನು ಬಿಡಿಸಲು ಟಿವಿಗೆ ಸಿಗುವ ಶ್ರುತಿ ಅದು. ಹಾಡುವ ಮೊದಲು ತಂಬೂರಿ ಮೀಟಿದಂತೆ.

ವೋಲ್ಟೇಜಿನ ಲೆಕ್ಕವೂ ಸರಳ. ಒಟ್ಟು ಎತ್ತರ 1 ವೋಲ್ಟ್. ಸಿಂಕ್ ಮಿಡಿತದ ತಳ 0 ಎಂದಿಟ್ಟುಕೊಂಡರೆ ಕಪ್ಪು 0.3 ವೋಲ್ಟ್, ಅಚ್ಚಬಿಳುಪು 1 ವೋಲ್ಟ್. ನಡುವಿನದೆಲ್ಲ ಬೂದಿಬಣ್ಣದ ಬೇರೆಬೇರೆ ಮಟ್ಟಗಳು. ಇಷ್ಟು ತಿಳಿದರೆ ನೀವು ಒಂದು ಗೆರೆಯನ್ನು ಓದಬಲ್ಲಿರಿ.

ಟೇಪು ಇದನ್ನು ಹಿಡಿದದ್ದು ಹೇಗೆ?

ಧ್ವನಿಯನ್ನು ಮುದ್ರಿಸುವ ಟೇಪಿಗೆ ಇಷ್ಟು ವೇಗದ ಏರಿಳಿತ ದಕ್ಕುವುದಿಲ್ಲ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆ ಟೇಪಿನ ಜೊತೆ ಹೆಡ್ಡನ್ನೂ ತಿರುಗಿಸಿ ಈ ತೊಡಕನ್ನು ಬಿಡಿಸಿತು. ಆದರೆ ಟೇಪು ತೀರ ದುಬಾರಿ. ಒಂದೇ ಟೇಪನ್ನು ಅಳಿಸಿ ಮತ್ತೆಮತ್ತೆ ಬಳಸುವುದು ಜಗತ್ತಿನ ಅನೇಕ ಪ್ರಸಾರ ಸಂಸ್ಥೆಗಳಲ್ಲಿ ವಾಡಿಕೆಯಾಗಿತ್ತು. ಎಷ್ಟೋ ಕಾರ್ಯಕ್ರಮಗಳು ಹಾಗೆಯೇ ಅಳಿದುಹೋದವು.

1976ರಲ್ಲಿ ಜಪಾನಿನ ಜೆವಿಸಿ ಸಂಸ್ಥೆ ತಂದ ವಿಎಚ್‌ಎಸ್ ಇದೇ ವಿದ್ಯೆಯನ್ನು ಮನೆಗೆ ತಂದಿತು. ಅರ್ಧ ಇಂಚು ಅಗಲದ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಮಾತ್ರ ತೆವಳುತ್ತದೆ. ಆದರೆ 62 ಮಿಲಿಮೀಟರ್ ವ್ಯಾಸದ ಡ್ರಮ್ಮು ಎರಡು ಹೆಡ್ಡುಗಳನ್ನು ಹೊತ್ತು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ವ್ಯಾಸವನ್ನು 3.14ರಿಂದಲೂ 25ರಿಂದಲೂ ಗುಣಿಸಿ: ಹೆಡ್ಡು ಟೇಪನ್ನು ಸವರುವ ವೇಗ ಸೆಕೆಂಡಿಗೆ ಸುಮಾರು 4.85 ಮೀಟರ್ ಎಂದು ಸಿಗುತ್ತದೆ. ಒಂದೊಂದು ಸವರಿಕೆಯೂ ಟೇಪಿನ ಮೇಲೆ ಓರೆಯಾದ ಒಂದು ಗೀಟು. ಸೆಕೆಂಡಿಗೆ 50 ಗೀಟು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ 5,40,000. ಒಂದು ಮದುವೆಯ ಕ್ಯಾಸೆಟ್ಟು ಅಂದರೆ ಐದು ಲಕ್ಷ ಗೀಟುಗಳ ಒಂದು ಹಸ್ತಪ್ರತಿ.

ಭಟ್ಕಳ, ಹೊನ್ನಾವರದ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ತಂದ ಸಾಮಾನುಗಳಲ್ಲಿ ವಿಸಿಆರ್ ಕೂಡ ಇರುತ್ತಿತ್ತು. ಪಟ್ಟಣಗಳಲ್ಲಿ ವಿಡಿಯೋ ತೆಗೆಯುವವರು ಹುಟ್ಟಿಕೊಂಡರು. ಮದುವೆ ಚಪ್ಪರದ ಜೊತೆಗೆ ಯಕ್ಷಗಾನದ ರಂಗಸ್ಥಳವೂ ಟೇಪಿಗೆ ಬಂತು. 1934ರಲ್ಲಿ ಮೊದಲಾದ ಇಡಗುಂಜಿ ಮೇಳದ ನೆಲೆ ಹೊನ್ನಾವರ ತಾಲ್ಲೂಕಿನ ಗುಣವಂತೆ. ಅದನ್ನು ನಡೆಸಿದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಪ್ರಸಂಗದ ಪದ್ಯ ಪುಸ್ತಕದಲ್ಲಿ ಉಳಿಯುತ್ತದೆ. ಹೆಜ್ಜೆ, ಕಣ್ಣಿನ ಚಲನೆ, ಆ ರಾತ್ರಿ ಆಡಿದ ಅರ್ಥದ ಮಾತು ಪುಸ್ತಕದಲ್ಲಿ ಉಳಿಯುವುದಿಲ್ಲ. ಮದುವೆಯ ಟೇಪಿನಲ್ಲಿಯೂ ಹಿನ್ನೆಲೆಯಲ್ಲಿ ಇತಿಹಾಸವಿದೆ. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ತೆರೆದುಕೊಳ್ಳುವ ಮೊದಲಿನ ಊರು, ಹೆದ್ದಾರಿ ಅಗಲವಾಗುವ ಮೊದಲಿನ ಪೇಟೆ, ಈಗಿಲ್ಲದ ಅಜ್ಜಿಯ ಧ್ವನಿ ಅಲ್ಲಿರುತ್ತವೆ.

ಓದುವ ಯಂತ್ರಗಳು ನಿಲ್ಲುತ್ತಿವೆ

ಅನಲಾಗ್ ಯುಗ ಈಗ ಮುಗಿದಿದೆ. 2016ರ ಜುಲೈನಲ್ಲಿ ಜಪಾನಿನ ಫುನಾಯಿ ಸಂಸ್ಥೆ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತು. ಹೊಸ ವಿಸಿಆರ್ ಮಾಡುತ್ತಿದ್ದ ಕೊನೆಯ ಸಂಸ್ಥೆ ಅದೇ. ನಮ್ಮಲ್ಲಿ ಕೇಬಲ್ ಪ್ರಸಾರವನ್ನು ಡಿಜಿಟಲ್ ಮಾಡುವ ಕೊನೆಯ ಹಂತದ ಗಡುವು 2017ರ ಮಾರ್ಚ್ 31. ದೂರದರ್ಶನದ ಅನಲಾಗ್ ಭೂಪ್ರೇಷಕಗಳನ್ನು, ಆಯಕಟ್ಟಿನ ಸುಮಾರು 50 ಕಡೆ ಬಿಟ್ಟು, 2022ರ ಮಾರ್ಚ್ ಅಂತ್ಯಕ್ಕೆ ನಿಲ್ಲಿಸುವುದೆಂದು ಗೊತ್ತುಮಾಡಲಾಯಿತು.

ಟೇಪಿಗಾದರೋ ಕರಾವಳಿಯ ಹವೆಯೇ ಶತ್ರು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಬೂಷ್ಟು ಹಿಡಿಯದ ವಸ್ತು ಕಡಿಮೆ. ಟೇಪಿನ ಅಂಚಿನಲ್ಲಿ ಕಾಣುವ ಬಿಳಿ ಪುಡಿ ಅದೇ. 2019ರ ಆಗಸ್ಟಿನ ನೆರೆಯಂಥದು ಬಂದರೆ ಹೊಳೆದಂಡೆಯ ಮನೆಯ ಕೆಳಖಾನೆಯಲ್ಲಿದ್ದದ್ದು ಒಂದೇ ರಾತ್ರಿಯಲ್ಲಿ ಹಾಳು.

ನೀವು ಏನು ಮಾಡಬಹುದು?

ಮೊದಲ ಹೆಜ್ಜೆ, ನೋಡುವುದು. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಸಿಲೋಸ್ಕೋಪ್ ಇರುತ್ತದೆ. ವಿಸಿಆರಿನ ಹಳದಿ ಬಣ್ಣದ ವಿಡಿಯೋ ಕಿಂಡಿಯಿಂದ ತಂತಿ ತಂದು, ತುದಿಗೆ 75 ಓಮ್ ರೋಧಕ ಜೋಡಿಸಿ, ಸ್ಕೋಪಿಗೆ ಕೊಡಿ. ಮೇಲೆ ಹೇಳಿದ ಗೆರೆ ಕಣ್ಣೆದುರು ನಿಲ್ಲುತ್ತದೆ. 64 ಮೈಕ್ರೋಸೆಕೆಂಡನ್ನು ನೀವೇ ಅಳೆಯಿರಿ. ಅಮೆರಿಕದಲ್ಲಿರುವ ನೆಂಟರು ಕಳಿಸಿದ ಕ್ಯಾಸೆಟ್ಟಾದರೆ ಬೇರೆ ಬೆಲೆ ಸಿಗಬಹುದು; ಅಲ್ಲಿನ ಪದ್ಧತಿ 525 ಗೆರೆಯದು. ಒಂದು ಎಚ್ಚರಿಕೆ: ಹಳೆಯ ಟಿವಿಯ ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ. ವರ್ಣ ಚಿತ್ರನಳಿಕೆಯಲ್ಲಿ 25,000 ವೋಲ್ಟಿನವರೆಗೆ ಇರುತ್ತದೆ. ಟಿವಿ ಆರಿಸಿದ ಮೇಲೂ ಅದು ಉಳಿದಿರಬಹುದು.

ಎರಡನೆಯ ಹೆಜ್ಜೆ, ಹಿಡಿಯುವುದು. ಎಲ್‌ಎಂ 1881 ಎಂಬ ಪುಟ್ಟ ಐಸಿ ಸಂಕೇತದಿಂದ ಸಿಂಕ್ ಮಿಡಿತಗಳನ್ನು ಬೇರ್ಪಡಿಸಿ ಕೊಡುತ್ತದೆ. ಇಡೀ ಗೆರೆಯನ್ನು ಒಮ್ಮೆಗೇ ಅಳೆಯಲು ವೇಗದ ಪರಿವರ್ತಕ ಬೇಕು. 1982ರ ಅಂತರರಾಷ್ಟ್ರೀಯ ಮಾನದಂಡದಂತೆ ಸೆಕೆಂಡಿಗೆ 1 ಕೋಟಿ 35 ಲಕ್ಷ ಮಾದರಿ, ಅಂದರೆ ಗೆರೆಗೆ 864. ಅಗ್ಗದ ಮೈಕ್ರೋಕಂಟ್ರೋಲರಿಗೆ ಅಷ್ಟು ವೇಗವಿಲ್ಲ. ಆದರೆ ಚಿತ್ರ ಅಲುಗಾಡದಿದ್ದರೆ ಒಂದು ಹಳೆಯ ಉಪಾಯವಿದೆ. ಪ್ರತಿ ಗೆರೆಯಲ್ಲೂ ಒಂದೇ ಬಿಂದುವನ್ನು ಅಳೆಯಿರಿ. ಒಂದು ಸುತ್ತಿಗೆ ಚಿತ್ರದ ಒಂದು ಕಂಬಸಾಲು ಸಿಗುತ್ತದೆ. ಮುಂದಿನ ಸುತ್ತಿನಲ್ಲಿ 0.2 ಮೈಕ್ರೋಸೆಕೆಂಡ್ ತಡಮಾಡಿ ಅಳೆಯಿರಿ. ಪಕ್ಕದ ಕಂಬಸಾಲು ಸಿಗುತ್ತದೆ. 52 ಮೈಕ್ರೋಸೆಕೆಂಡಿಗೆ 260 ಕಂಬಸಾಲು. ಸೆಕೆಂಡಿಗೆ 50 ಸುತ್ತಿನಂತೆ ಐದೂ ಕಾಲು ಸೆಕೆಂಡಿನಲ್ಲಿ ಇಡೀ ಚಿತ್ರ ಸಿದ್ಧ. ಕ್ಷಣಮಾತ್ರದ ಬೆಲೆಯನ್ನು ಹಿಡಿದು ನಿಲ್ಲಿಸುವ ಮಂಡಲ ಅದರ ಮುಂದೆ ಇರಬೇಕು, ಅಷ್ಟೆ. ಕ್ಯಾಮರಾವನ್ನು ಒಂದು ನಿಶ್ಚಲ ವಸ್ತುವಿನತ್ತ ತಿರುಗಿಸಿ ಇದನ್ನು ಮಾಡಿ ನೋಡಿರಿ.

ಮೂರನೆಯ ಹೆಜ್ಜೆ, ಪರೀಕ್ಷಿಸುವುದು. ಹಳೆಯ ಟೇಪಿನಿಂದ ಬರುವ ಗೆರೆ ಸರಿಯಾಗಿ 64 ಮೈಕ್ರೋಸೆಕೆಂಡ್ ಇರುವುದಿಲ್ಲ. ಟೇಪು ಎಳೆದು ಹಿಗ್ಗಿದಂತೆ ಗೆರೆ ಹಿಂದುಮುಂದಾಗುತ್ತದೆ. ಚಿತ್ರದ ಅಂಚು ಓಲಾಡುವುದು ಅದರಿಂದಲೇ. ಟೇಪಿನ ಲೇಪ ಉದುರಿದ ಕಡೆ ಸಂಕೇತವೇ ಇರುವುದಿಲ್ಲ. ಅಲ್ಲಿ ಅನೇಕ ವಿಸಿಆರ್‌ಗಳು ಹಿಂದಿನ ಗೆರೆಯನ್ನೇ ಮತ್ತೊಮ್ಮೆ ತೋರಿಸಿ ತೇಪೆ ಹಾಕುತ್ತವೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಅಳೆದವರಿಗೆ ಗೊತ್ತಾಗುತ್ತದೆ. ಶಾಸನ ಓದುವವರು ಮೂಲ ಅಕ್ಷರ ಯಾವುದು, ಆಮೇಲೆ ಕೆತ್ತಿದ್ದು ಯಾವುದು ಎಂದು ಕೇಳುತ್ತಾರಲ್ಲ? ಇಲ್ಲಿಯೂ ಅದೇ ಪ್ರಶ್ನೆ.

ಇದೇ ಕಾರಣಕ್ಕೆ ಕಳೆದ ದಶಕದಲ್ಲಿ ಹವ್ಯಾಸಿಗಳು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿದ್ದಾರೆ. ವಿಸಿಆರ್ ಬಿಡಿಸಿಕೊಟ್ಟ ಚಿತ್ರವನ್ನು ಬಿಟ್ಟು, ಹೆಡ್ಡಿನಿಂದ ಬರುವ ಮೂಲ ಸಂಕೇತವನ್ನೇ ಸೆಕೆಂಡಿಗೆ 2 ಕೋಟಿ 86 ಲಕ್ಷ ಮಾದರಿಗಳಂತೆ ಹಿಡಿದು, ಬಿಡಿಸುವ ಕೆಲಸವನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಗುಜರಿಗೆ ಹೋಗಬೇಕಿದ್ದ ಹಳೆಯ ಟಿವಿ ಕಾರ್ಡುಗಳೇ ಇದಕ್ಕೆ ಸಾಕು. 'ವಿಎಚ್‌ಎಸ್-ಡಿಕೋಡ್' ಎಂಬ ಉಚಿತ ತಂತ್ರಾಂಶ ಇದಕ್ಕಾಗಿಯೇ ಇದೆ. ಒಂದು ಗಂಟೆಗೆ ಸುಮಾರು 100 ಗಿಗಾಬೈಟ್ ಜಾಗ ಬೇಕು. ಆದರೆ ಮುಂದೆ ಬಿಡಿಸುವ ವಿದ್ಯೆ ಸುಧಾರಿಸಿದಾಗ ಅದೇ ದಾಖಲೆಯಿಂದ ಇನ್ನೂ ಒಳ್ಳೆಯ ಚಿತ್ರ ಪಡೆಯಬಹುದು. ಬೇರ್ಡನ ತಟ್ಟೆಗಳಲ್ಲಿ ನಡೆದದ್ದೂ ಇದೇ.

ಕೆಲಸಕ್ಕೆ ಒಂದು ಕ್ರಮ

ಕ್ಯಾಸೆಟ್ಟು ಕೈಗೆ ಬಂದೊಡನೆ ವಿಸಿಆರಿಗೆ ತುರುಕಬೇಡಿ. ಮೊದಲು ಬೆನ್ನಿನ ಚೀಟಿಯನ್ನು ನಕಲು ಮಾಡಿ. ಯಾವ ವರ್ಷದ್ದು, ಯಾರ ಮನೆಯದು, ಎಲ್ಲಿ ನಡೆದದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಹೆಸರು ಹೇಳುವವರು ಹೋದರೆ ಚಿತ್ರ ಉಳಿದೂ ಅರ್ಧ ಹೋದಂತೆ. ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಚಕ್ಕೆಯನ್ನು ಮುರಿಯಿರಿ. ಆಮೇಲೆ ಕೈತಪ್ಪಿಯೂ ಅದರ ಮೇಲೆ ಮುದ್ರಣವಾಗದು. ಬೂಷ್ಟು ಕಂಡ ಟೇಪನ್ನು ಬೇರೆಯೇ ಇಡಿ. ಅದನ್ನು ಓಡಿಸಿದರೆ ಹೆಡ್ಡು ಕೊಳೆಯಾಗುವುದಲ್ಲದೆ ಮುಂದಿನ ಟೇಪಿಗೂ ಬೂಷ್ಟು ಅಂಟುತ್ತದೆ. ಆಟದ ಟೇಪಾದರೆ ಕಲಾವಿದರ, ಅವರ ಮನೆಯವರ ಒಪ್ಪಿಗೆಯಿಲ್ಲದೆ ಹಂಚಬೇಡಿ. ಡಿಜಿಟಲ್ ಪ್ರತಿಯನ್ನು ಎರಡು ಬೇರೆ ಜಾಗಗಳಲ್ಲಿ ಇಡಿ. ಮೂಲ ಟೇಪನ್ನು ಬಿಸಾಡಬೇಡಿ.

ಶಿಲಾಶಾಸನ ಸಾವಿರ ವರ್ಷ ಕಾಯುತ್ತದೆ. ತಾಳೆಗರಿ ಕೆಲವು ನೂರು ವರ್ಷ ಕಾಯುತ್ತದೆ. ವಿಡಿಯೋ ಟೇಪು ಹಾಗೆ ಕಾಯುವುದಿಲ್ಲ. ಅದನ್ನು ತೆಗೆದವರು, ಅದರಲ್ಲಿರುವವರನ್ನು ಗುರುತಿಸಬಲ್ಲವರು, ನಡೆಯುವ ವಿಸಿಆರ್, ಮತ್ತು ಅದನ್ನು ಅಳೆಯಲು ಕಲಿತ ನೀವು: ಈ ನಾಲ್ಕೂ ಒಂದೇ ಕಾಲದಲ್ಲಿ ಇರುವ ವರ್ಷಗಳು ಇವೇ. ಹತ್ತಿರದ ಮನೆಯೊಂದರಲ್ಲಿ ಕೇಳಿ ಆರಂಭಿಸಿರಿ. ಮುಂದಿನ ಮಳೆಗಾಲದೊಳಗೆ ಒಂದೇ ಒಂದು ಕ್ಯಾಸೆಟ್ಟನ್ನು ಉಳಿಸಿದರೂ ನಿಮ್ಮ ಊರಿನ ಇತಿಹಾಸಕ್ಕೆ ಒಂದು ಆಕರ ಸೇರಿದಂತೆಯೇ.